ಕೋಶ ಓದುವವರ ಪರಿಕರಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕಡಲು ದಾಟಿ ಬಂದು ನೆಲೆಸಿದ ನಮಗೆ ಈ ಗಾದೆಯ ಮೊದಲರ್ಧವನ್ನು ಯಾರೂ ಬೋಧಿಸಬೇಕಾಗಿಲ್ಲ. ಎರಡನೆಯ ಅರ್ಧದ ವಿಷಯದಲ್ಲಿ ಮಾತ್ರ ನಮ್ಮಲ್ಲನೇಕರ ಲೆಕ್ಕ ಬಾಕಿ ಉಳಿದಿದೆ. ಎರಡು ವರ್ಷಕ್ಕೊಮ್ಮೆ ಇಂತಹ ಸಮ್ಮೇಳನಕ್ಕೆ ಬರುತ್ತೇವೆ. ಪುಸ್ತಕ ಮಳಿಗೆಯ ಮುಂದೆ ನಿಂತು ಕೈಚೀಲ ತುಂಬುವಷ್ಟು ಕೊಳ್ಳುತ್ತೇವೆ. ಊರಿಗೆ ಹೋಗಿ ಬರುವಾಗ ಉಪ್ಪಿನಕಾಯಿ, ಹಪ್ಪಳ, ಸಾರಿನಪುಡಿಗಳ ನಡುವೆ ನಾಲ್ಕು ಕಾದಂಬರಿಗಳನ್ನು ತುರುಕಿ, ಪೆಟ್ಟಿಗೆಯನ್ನು ಮತ್ತೆ ಮತ್ತೆ ತೂಗಿ ತರುತ್ತೇವೆ. ಅವು ಕಪಾಟನ್ನು ಸೇರುತ್ತವೆ. ಕೆಲವನ್ನು ಓದುತ್ತೇವೆ, ಓದಿದ್ದನ್ನು ಮರೆಯುತ್ತೇವೆ.

ಈ ಮಾತನ್ನು ಅನ್ಯರನ್ನು ಕುರಿತು ಹೇಳುತ್ತಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ನಮ್ಮ ಊರಿನಲ್ಲಿ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕವನ್ನು ಕುರಿತು ಮಾತನಾಡುವ ಪದ್ಧತಿಯನ್ನು ಇಟ್ಟುಕೊಂಡಿವೆ. ಒಮ್ಮೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಸರದಿ. ನಾನು ಅದನ್ನು ಮೈಸೂರಿನಲ್ಲಿ ಬಿ.ಎ. ಓದುವಾಗ ಒಮ್ಮೆ, ಇಲ್ಲಿಗೆ ಬಂದ ಮೇಲೆ ಒಮ್ಮೆ ಓದಿದ್ದೆ. ಆದ್ದರಿಂದ ಚರ್ಚೆಯನ್ನು ಆರಂಭಿಸುವ ಹೊಣೆಯನ್ನು ಹೆಮ್ಮೆಯಿಂದಲೇ ಹೊತ್ತೆ. ಹಿರಿಯರೊಬ್ಬರು, “ಗುತ್ತಿ-ತಿಮ್ಮಿಯರ ಕತೆಗೂ ಮುಕುಂದಯ್ಯ-ಚಿನ್ನಮ್ಮರ ಕತೆಗೂ ಏನು ಸಂಬಂಧವೆಂದು ತಮಗೆ ತೋರುತ್ತದೆ, ಹೇಳಿ ತಾಯಿ” ಎಂದು ಕೇಳಿದರು. ಎರಡು ಸಲ ಓದಿದ ನನ್ನ ಬಾಯಿಂದ ಹೊರಟದ್ದು “ಬಹಳ ಚೆನ್ನಾಗಿದೆ” ಎಂಬ ಮಾತು ಮಾತ್ರ. ಸಿಂಬಾವಿ ಯಾರ ಮನೆ, ಬೆಟ್ಟಳ್ಳಿ ಯಾರ ಮನೆ ಎಂಬುದೂ ನೆನಪಿಗೆ ಬರಲಿಲ್ಲ.

ಆ ರಾತ್ರಿ ಅಡುಗೆಮನೆಯನ್ನು ಓರಣಗೊಳಿಸುತ್ತಿದ್ದಾಗ ಒಂದು ವಿಚಾರ ಹೊಳೆಯಿತು. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಯಾವ ಬಟ್ಟಲಲ್ಲಿದೆ, ಮೆಂತ್ಯ ಯಾವ ಬಟ್ಟಲಲ್ಲಿದೆ ಎಂಬುದನ್ನು ಕಣ್ಣುಮುಚ್ಚಿಕೊಂಡು ಹೇಳಬಲ್ಲೆ. ಅಡುಗೆಗೆ ಇಷ್ಟೆಲ್ಲ ಸಲಕರಣೆಗಳನ್ನು ಜೋಡಿಸಿಕೊಂಡಿರುವ ನಾನು ಓದಿಗೆ ಏನನ್ನು ಜೋಡಿಸಿಕೊಂಡಿದ್ದೇನೆ? ಒಂದು ಸೋಫಾ, ಒಂದು ಕನ್ನಡಕ, ಅಷ್ಟೇ. ಅಂದಿನಿಂದ ನಾನು ಒಂದೊಂದಾಗಿ ಕೂಡಿಸಿಕೊಂಡ ಪರಿಕರಗಳ ವಿವರವನ್ನು ಈ ಸ್ಮರಣ ಸಂಚಿಕೆಯ ಓದುಗರೊಡನೆ ಹಂಚಿಕೊಳ್ಳಬಯಸುತ್ತೇನೆ. ಇವುಗಳಲ್ಲಿ ದುಬಾರಿಯಾದುದು ಯಾವುದೂ ಇಲ್ಲ. ಒಂದನ್ನು ಮಾತ್ರ ನಾನು ಬಹಳ ದುಬಾರಿ ಬೆಲೆ ತೆತ್ತು ಕಲಿತೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪೀಠ ಮತ್ತು ದೀಪ

ನಮ್ಮ ತಾತನವರ ಕಾಲದಲ್ಲಿ ಪಾರಾಯಣದ ಗ್ರಂಥವನ್ನು ಕೈಯಲ್ಲಿ ಹಿಡಿದು ಓದುತ್ತಿರಲಿಲ್ಲ; ವ್ಯಾಸಪೀಠದ ಮೇಲಿಟ್ಟು ಓದುತ್ತಿದ್ದರು. ಕತ್ತರಿಯಂತೆ ತೆರೆದುಕೊಳ್ಳುವ, ಮಡಿಸಿದರೆ ಒಂದೇ ಹಲಗೆಯಾಗುವ ಆ ಮರದ ಪೀಠವನ್ನು ಇಂದು ಅನೇಕರು ದೇವರ ಮನೆಯ ಅಲಂಕಾರವೆಂದು ಭಾವಿಸಿದ್ದಾರೆ. ನನಗೆ ಅದು ಓದಿನ ಮೊದಲ ಉಪಕರಣವಾಗಿ ಕಾಣುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ಅಂಗಾತ ಬಿಡಿಸಿಟ್ಟರೆ ಬೆನ್ನಿನ ಅಂಟು ಬಿರಿಯುತ್ತದೆ, ಹೊಲಿಗೆ ಸಡಿಲಗೊಳ್ಳುತ್ತದೆ. ಪೀಠದ ಮೇಲೆ ಪುಸ್ತಕವು ಅರ್ಧ ತೆರೆದ ಸ್ಥಿತಿಯಲ್ಲಿಯೇ ನಿಲ್ಲುವುದರಿಂದ ಬೆನ್ನಿಗೆ ಭಾರ ಬೀಳುವುದಿಲ್ಲ. ಅಮೂಲ್ಯ ಗ್ರಂಥಗಳಿರುವ ಗ್ರಂಥಾಲಯಗಳಲ್ಲಿ ಇಂದು ಓದುಗರಿಗೆ ಕೊಡುವ ಸ್ಪಂಜಿನ ಇಳಿಜಾರು ದಿಂಬುಗಳೂ ಮಾಡುವುದು ಇದೇ ಕೆಲಸವನ್ನು. ಎರಡನೆಯ ಲಾಭ ಇನ್ನೂ ದೊಡ್ಡದು: ಓದುವವರ ಎರಡು ಕೈಗಳೂ ಬಿಡುವಾಗುತ್ತವೆ. ಕೈ ಬಿಡುವಾದಾಗಲೇ ಅದಕ್ಕೆ ಬರೆಯುವ ಮನಸ್ಸು ಬರುವುದು.

ಇನ್ನು ದೀಪ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರವು ಪೆಡಸಾಗಿ, ಹತ್ತಿರದ ಅಕ್ಷರಗಳು ಮಸುಕಾಗುತ್ತವೆ. ಇದನ್ನೇ ನಮ್ಮವರು ಚಾಳೀಸು ಎನ್ನುವುದು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಒಳಗೆ ಹೋಗುವ ಬೆಳಕೂ ಕಡಿಮೆಯಾಗುತ್ತದೆ. ಆದ್ದರಿಂದ ಕನ್ನಡಕದ ಸಂಖ್ಯೆಯನ್ನು ಹೆಚ್ಚಿಸುವುದರ ಜೊತೆಗೆ ಬೆಳಕನ್ನೂ ಹೆಚ್ಚಿಸಬೇಕು. ಈ ದೇಶದ ಮನೆಗಳಲ್ಲಿ ಮೂಲೆಯಲ್ಲೊಂದು ಮಂದ ದೀಪವಿಡುವುದು ವಾಡಿಕೆ. ಅದು ಹರಟೆಗೆ ಸಾಕು, ಓದಿಗೆ ಸಾಲದು. ಬಲಗೈಯಲ್ಲಿ ಬರೆಯುವವರು ಎಡಗಡೆಯಿಂದ ಪುಟದ ಮೇಲೆ ಬೀಳುವಂತೆ ಬಾಗುವ ಕತ್ತಿನ ದೀಪವೊಂದನ್ನು ಇಟ್ಟುಕೊಂಡರೆ ಕೈಯ ನೆರಳು ಅಕ್ಷರಗಳನ್ನು ಮುಚ್ಚುವುದಿಲ್ಲ.

ಕನ್ನಡ ಓದುವವರಿಗೆ ಇನ್ನೊಂದು ವಿಶೇಷ ತೊಡಕಿದೆ. ಇಂಗ್ಲಿಷಿನ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ನಮ್ಮ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದ ಪುಸ್ತಕಗಳಲ್ಲಿ ಈ ಒತ್ತುಗಳು ಸವೆದು, ತಕಾರದ ಒತ್ತೋ ನಕಾರದ ಒತ್ತೋ ತಿಳಿಯದಂತಾಗಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಎರಡು. ಒಂದು, ಅಂಗೈಯಗಲದ ಭೂತಗನ್ನಡಿ. ಎರಡು, ಕಪ್ಪು ರಟ್ಟಿನ ಒಂದು ಪಟ್ಟಿ. ಓದುತ್ತಿರುವ ಸಾಲಿನ ಒತ್ತುಗಳ ಕೆಳಗೆ ಅದನ್ನು ಇಟ್ಟು ಸರಿಸುತ್ತ ಹೋದರೆ ಕೆಳಸಾಲಿನ ತಲೆಕಟ್ಟು, ಗುಡಿಸುಗಳು ಮೇಲಿನ ಸಾಲಿನ ಒತ್ತುಗಳೊಡನೆ ಕಲಸಿಹೋಗುವುದಿಲ್ಲ.

ಸೀಸದ ಕಡ್ಡಿ

ಪುಸ್ತಕವು ಸರಸ್ವತಿ. ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕೆಂದು ಕಲಿತು ಬೆಳೆದವರು ನಾವು. ಆದ್ದರಿಂದ ಪುಸ್ತಕದಲ್ಲಿ ಗೀಚುವುದು ಅಪಚಾರವೆಂದೇ ನಾನು ಬಹುಕಾಲ ನಂಬಿದ್ದೆ. ವಿಚಿತ್ರವೆಂದರೆ, ನಮ್ಮ ಮನೆಯಲ್ಲಿಯೇ ಈ ನಂಬಿಕೆಗೆ ಅಪವಾದವಿತ್ತು. ನನ್ನ ತಾಯಿಯವರು ಗಮಕವನ್ನು ಅಭ್ಯಾಸ ಮಾಡಿದ್ದರು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ, ಮೈಸೂರು ಸರ್ಕಾರವು 1958ರಲ್ಲಿ ಪ್ರಕಟಿಸಿದ ಕುಮಾರವ್ಯಾಸ ಭಾರತದ ಪ್ರತಿಯೊಂದು ಅವರ ಬಳಿ ಇತ್ತು. ಅದರ ಅಂಚುಗಳ ತುಂಬ ಸಣ್ಣ ಅಕ್ಷರಗಳ ಟಿಪ್ಪಣಿಗಳು: ಇಲ್ಲಿಂದ ಈ ರಾಗ, ಇಲ್ಲಿ ಉಸಿರು, ಈ ಪದಕ್ಕೆ ಈ ಅರ್ಥ. ಇಡೀ ಕಾವ್ಯವು ಭಾಮಿನೀ ಷಟ್ಪದಿಯಲ್ಲಿರುವುದರಿಂದ, ರಾಗ ಬದಲಾಗದಿದ್ದರೆ ಕೇಳುವವರ ಕಿವಿ ಬಳಲುತ್ತದೆಂದು ಅವರು ಹೇಳುತ್ತಿದ್ದರು. ಬಾಲ್ಯದಲ್ಲಿ ನನಗೆ ಅದು ಕೊಳೆಯಾದ ಪುಸ್ತಕದಂತೆ ಕಾಣುತ್ತಿತ್ತು.

ಗುರುತು ಹಾಕುವುದಕ್ಕೆ ಪೆನ್ಸಿಲಿಗಿಂತ ಉತ್ತಮವಾದ ಸಾಧನವಿಲ್ಲ. ನಾವು ಅದನ್ನು ಸೀಸದ ಕಡ್ಡಿ ಎಂದು ಕರೆದರೂ ಅದರಲ್ಲಿ ಸೀಸವಿಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಇವೆರಡನ್ನು ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ಕೊಂಟೆ ಎಂಬಾತ 1795ರಲ್ಲಿ ಹಕ್ಕುಪತ್ರ ಪಡೆದ. ಗ್ರಾಫೈಟ್ ಕಾಗದದೊಳಗೆ ಇಂಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ, ನೀರು ತಾಗಿದರೆ ಹರಡುವುದಿಲ್ಲ, ಬೇಡವೆನಿಸಿದರೆ ಅಳಿಸಬಹುದು. ಶಾಯಿಯಾದರೋ ನಮ್ಮ ಅಗ್ಗದ ಕಾಗದದಲ್ಲಿ ಹಿಂಬದಿಯ ಪುಟಕ್ಕೂ ಇಳಿಯುತ್ತದೆ. ಬಣ್ಣಬಣ್ಣದ ಹೈಲೈಟರುಗಳು ಕೆಲವು ವರ್ಷಗಳಲ್ಲಿ ಮಂಕಾಗಿ, ಕಲೆಯನ್ನು ಮಾತ್ರ ಉಳಿಸುತ್ತವೆ. ನಾನು ಬಳಸುವುದು 2ಬಿ ಪೆನ್ಸಿಲು, ಅದು ಮೃದು. ಒತ್ತಿ ಬರೆಯಬೇಕಾಗಿಲ್ಲವಾದ್ದರಿಂದ ಹಳೆಯ ಕಾಗದ ಹರಿಯುವುದಿಲ್ಲ.

ಗುರುತುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಅರ್ಥ ತಿಳಿಯದ ಪದದ ಪಕ್ಕದಲ್ಲಿ ಒಂದು ಚುಕ್ಕಿ. ಮನಸ್ಸಿಗೆ ತಟ್ಟಿದ ಮಾತಿನ ಪಕ್ಕದಲ್ಲಿ ಒಂದು ನಿಂತ ಗೆರೆ. ಒಪ್ಪಿಗೆಯಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ. ಈ ಮೂರೇ ನನ್ನವು. ಸಾಲುಗಳ ಅಡಿಗೆರೆಯನ್ನು ಬಿಟ್ಟುಬಿಟ್ಟೆ. ಅಡಿಗೆರೆ ಎಳೆಯತೊಡಗಿದರೆ ಪುಟವೆಲ್ಲ ಗೆರೆಯಾಗುತ್ತದೆ.

ಪುಟದ ಗುರುತಿನ ಪಟ್ಟಿ

ಬಾಲ್ಯದಲ್ಲಿ ಪುಸ್ತಕದ ನಡುವೆ ನವಿಲುಗರಿಯನ್ನಿಟ್ಟು, ಅದು ಮರಿ ಹಾಕುವುದೆಂದು ಕಾಯುತ್ತಿದ್ದ ನೆನಪು ನಿಮಗೂ ಇದ್ದೀತು. ಆ ಗರಿಯಿಂದ ಪುಸ್ತಕಕ್ಕೆ ಹಾನಿಯಿಲ್ಲ. ಹಾನಿಯಾಗುವುದು ಮೂಲೆ ಮಡಿಸುವುದರಿಂದ, ತುಕ್ಕು ಹಿಡಿಯುವ ಗುಂಡುಸೂಜಿ, ಕ್ಲಿಪ್ಪುಗಳಿಂದ, ಬಣ್ಣ ಬಿಡುವ ಹೂವಿನ ಎಸಳುಗಳಿಂದ. ಅಂಟಿಸಿ ಕೀಳುವ ಹಳದಿ ಚೀಟಿಗಳು ಅನುಕೂಲವೆಂದು ತೋರುತ್ತವೆ. ಆದರೆ ಅವು ಕಾಣದಂತಹ ಅಂಟನ್ನು ಹಿಂದೆ ಬಿಡುತ್ತವೆ. ಹಳೆಯ ಕಾಗದದಲ್ಲಾದರೆ ಮೇಲಿನ ಪದರವನ್ನೇ ಎಬ್ಬಿಸಿಕೊಂಡು ಬರುತ್ತವೆ.

ನಾನು ಮದುವೆಯ ಕರೆಯೋಲೆಗಳನ್ನು ಉದ್ದುದ್ದಕ್ಕೆ ಕತ್ತರಿಸಿ ಪಟ್ಟಿ ಮಾಡಿಕೊಳ್ಳುತ್ತೇನೆ. ಅರಿಶಿನ ಹಚ್ಚಿದ ಮೂಲೆಗಳನ್ನು ಮಾತ್ರ ಮೊದಲು ಕತ್ತರಿಸಿ ತೆಗೆಯಬೇಕು. ಇಲ್ಲವಾದರೆ ಕಲೆ ಪುಟಕ್ಕೆ ತಾಗುತ್ತದೆ. ಪಟ್ಟಿಯ ಹಿಂಬದಿ ಖಾಲಿಯಿರುತ್ತದಷ್ಟೆ. ದೊಡ್ಡ ಕಾದಂಬರಿ ಓದುವಾಗ ಅಲ್ಲಿ ಪಾತ್ರಗಳ ಹೆಸರು, ಮನೆ, ಸಂಬಂಧ ಮತ್ತು ಮೊದಲು ಬರುವ ಪುಟದ ಸಂಖ್ಯೆಯನ್ನು ಬರೆಯುತ್ತ ಹೋಗುತ್ತೇನೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೂರನೆಯ ಸಲ ಹೀಗೆಯೇ ಓದಿದೆ. ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹೂವಳ್ಳಿ ಎಂದು ಮನೆಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಯಾರು ಯಾವ ಮನೆಯವರೆಂದು ತುಂಬಿಸಿದೆ. ಸಿಂಬಾವಿ ಹೆಗ್ಗಡೆಯವರ ಜೀತದಾಳಾದ ಗುತ್ತಿಯು ಬೆಟ್ಟಳ್ಳಿಯಿಂದ ತಿಮ್ಮಿಯನ್ನು ಕರೆದೊಯ್ಯುವುದೂ, ಕೋಣೂರಿನ ಮುಕುಂದಯ್ಯನು ಹೂವಳ್ಳಿಯ ಚಿನ್ನಮ್ಮನಿಗಾಗಿ ಪಡುವ ಪಾಡೂ, ಬೇರೆ ಬೇರೆ ಅಂತಸ್ತಿನವರು ಒಂದೇ ಬಗೆಯ ಬಿಡುಗಡೆಗಾಗಿ ನಡೆಸುವ ಹೋರಾಟಗಳೆಂಬುದು ಆ ಪಟ್ಟಿಯನ್ನು ನೋಡಿದಾಗ ನನಗೆ ಮೊದಲ ಬಾರಿಗೆ ಕಂಡಿತು. ಹಿರಿಯರ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಏಳು ತಿಂಗಳ ನಂತರ.

ಟಿಪ್ಪಣಿ ಪುಸ್ತಕ

ಓದಿದ್ದರಲ್ಲಿ ಉತ್ತಮವಾದುದನ್ನು ಆರಿಸಿ, ವಿಷಯವಾರು ಬರೆದಿಟ್ಟುಕೊಳ್ಳುವ ಪದ್ಧತಿ ಪಾಶ್ಚಾತ್ಯರದೆಂದು ಕೆಲವರು ತಿಳಿದಿದ್ದಾರೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಮಾಡಿದ್ದು ಇದನ್ನೇ. ತನಗಿಂತ ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ, ವರ್ಣನೆಯ ವಿಷಯಗಳಿಗನುಗುಣವಾಗಿ ಅವನು ಜೋಡಿಸಿದ. ಅವನ ಮಗನೇ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜ. ಮೂಲ ಕಾವ್ಯಗಳು ಕಳೆದುಹೋಗಿ, ಇಂತಹ ಸಂಕಲನಗಳಿಂದ ಮಾತ್ರ ಉಳಿದು ಬಂದ ಪದ್ಯಗಳೂ ನಮ್ಮಲ್ಲಿವೆ. ಒಬ್ಬ ಓದುಗನ ಟಿಪ್ಪಣಿಯ ಅಭ್ಯಾಸವು ಒಂದು ಭಾಷೆಯ ನೆನಪನ್ನೇ ಕಾಪಾಡಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಟಿಪ್ಪಣಿ ಪುಸ್ತಕದ ತೊಂದರೆಯೆಂದರೆ, ಬರೆದದ್ದು ಬೇಕಾದಾಗ ಸಿಗದಿರುವುದು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಇದಕ್ಕೊಂದು ಉಪಾಯವನ್ನು 1686ರಲ್ಲಿ ಪ್ರಕಟಿಸಿದ. ವಿಷಯಸೂಚಕ ಪದದ ಮೊದಲ ಅಕ್ಷರ, ಅದರ ನಂತರ ಬರುವ ಮೊದಲ ಸ್ವರ, ಇವೆರಡನ್ನು ಸೇರಿಸಿ ಒಂದು ಚಿಕ್ಕ ಸೂಚಿಯನ್ನು ರಚಿಸಿ, ಅದರಲ್ಲಿ ಪುಟಸಂಖ್ಯೆಯನ್ನು ಬರೆಯುವ ಕ್ರಮವದು. ಇದನ್ನು ಓದಿದಾಗ ನನಗೆ ನಗು ಬಂದಿತು. ವ್ಯಂಜನಕ್ಕೆ ಸ್ವರವನ್ನು ಸೇರಿಸಿ ಸಾಲಾಗಿ ನಿಲ್ಲಿಸುವುದನ್ನು ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲೇ ಕಲಿಯುತ್ತಾರಲ್ಲ! ಕಾಗುಣಿತವೆಂದರೆ ಸಿದ್ಧವಾಗಿರುವ ಸೂಚಿ. ನನ್ನ ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಒಂದೊಂದು ವ್ಯಂಜನಕ್ಕೆ ಒಂದೊಂದು ಸಾಲುಗುಚ್ಛವಿದೆ. ‘ಮರಣ’ದ ವಿಚಾರವಾದರೆ ‘ಮ’, ‘ಮಾತು’ ಎಂಬುದಾದರೆ ‘ಮಾ’, ‘ಮೌನ’ವಾದರೆ ‘ಮೌ’, ಎದುರಿಗೆ ಪುಟಸಂಖ್ಯೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, ಕನ್ನಡವನ್ನು ತಡವರಿಸುತ್ತ ಓದುವವಳು, ಈ ಸೂಚಿಯನ್ನು ನೋಡಿ, “ಅಮ್ಮ, ಕಾಗುಣಿತದಿಂದ ಇಷ್ಟೊಂದು ಉಪಯೋಗವಿದೆ ಅಂತ ನೀನು ಆಗಲೇ ಹೇಳಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ” ಎಂದಳು.

ನಿಘಂಟುಗಳು

ಊರಿನಲ್ಲಿದ್ದರೆ ಅಜ್ಜಿಯನ್ನೋ ಮೇಷ್ಟರನ್ನೋ ಕೇಳಬಹುದು. ಇಲ್ಲಿ ನಿಘಂಟೇ ಅಜ್ಜಿ, ನಿಘಂಟೇ ಮೇಷ್ಟರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಗಾದೆಗಳನ್ನೂ ಕಾವ್ಯಪ್ರಯೋಗಗಳನ್ನೂ ಒಳಗೊಂಡಿರುವ ಅದು ಇಂದಿಗೂ ಹಳೆಯದಾಗಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1970ರಲ್ಲಿ ಮೊದಲುಗೊಂಡು 1995ರಲ್ಲಿ ಪೂರ್ಣವಾಯಿತು. ಮನೆಗೆ ಅದರ ಎಂಟು ಸಂಪುಟಗಳು ಭಾರವೆನಿಸಿದರೆ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಸಾಕು. ನೂರೇಳು ವರ್ಷಗಳ ತುಂಬುಬಾಳನ್ನು ಬಾಳಿ 2021ರಲ್ಲಿ ನಮ್ಮನ್ನಗಲಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವನ್ನು ನಿಘಂಟೆಂದು ಹುಡುಕುವುದಕ್ಕಿಂತ ಕತೆಯ ಪುಸ್ತಕದಂತೆ ಓದುವುದೇ ಸೊಗಸು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತಿದೆ. ಅಲರ್ ಎಂದರೆ ಹೂವು.

ಬಳಸುವ ಬಗೆಯನ್ನು ಕುರಿತು ಎರಡು ಮಾತು. ಪದ ಎದುರಾದೊಡನೆ ನಿಘಂಟಿಗೆ ಓಡಬಾರದು, ಚುಕ್ಕಿಯಿಟ್ಟು ಮುಂದುವರಿಯಬೇಕು. ಅಧ್ಯಾಯ ಮುಗಿಯುವಷ್ಟರಲ್ಲಿ ಅರ್ಧದಷ್ಟು ಚುಕ್ಕಿಗಳು ಸಂದರ್ಭದಿಂದಲೇ ಬಿಡಿಸಿಕೊಂಡಿರುತ್ತವೆ. ಹಳಗನ್ನಡವನ್ನು ಓದುವಾಗ, ಪದದ ಮೊದಲಿನ ಪಕಾರವನ್ನು ಹಕಾರವೆಂದು ಓದಿ ನೋಡಬೇಕು: ಪಾಲು ಹಾಲಾಗುತ್ತದೆ, ಪೂ ಹೂವಾಗುತ್ತದೆ. ಇದೊಂದರಿಂದಲೇ ಎಷ್ಟೋ ತೊಡಕು ನಿಘಂಟನ್ನು ಮುಟ್ಟುವ ಮೊದಲೇ ಕರಗುತ್ತದೆ. ಇನ್ನು ಫೋನಿನ ನಿಘಂಟನ್ನು ನೋಡಹೋದವರು ನೆಂಟರ ಮದುವೆಯ ಚಿತ್ರಗಳನ್ನು ನೋಡುತ್ತ ಕುಳಿತುಬಿಡುವ ಅಪಾಯವಿರುವುದರಿಂದ, ಓದುವಾಗ ಫೋನು ಪಕ್ಕದ ಕೋಣೆಯಲ್ಲಿರುವುದು ಕ್ಷೇಮ.

ಪುಸ್ತಕದ ಆರೈಕೆ

ನಾವು ಊರಿನಿಂದ ತಂದ ಹಳೆಯ ಪುಸ್ತಕಗಳಲ್ಲಿ ಬಹುಪಾಲು ಅಗ್ಗದ ಮರದ ತಿರುಳಿನ ಕಾಗದದಲ್ಲಿ ಅಚ್ಚಾದವು. ಆ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಅಂಶ ಮತ್ತು ಆಮ್ಲ ಸೇರಿ ಪುಟಗಳನ್ನು ಹಳದಿಯಾಗಿಸಿ ಹಪ್ಪಳದಂತೆ ಪುಡಿಯಾಗಿಸುತ್ತವೆ. ಇದನ್ನು ನಿಲ್ಲಿಸಲು ಮನೆಯಲ್ಲಿ ಸಾಧ್ಯವಿಲ್ಲ, ನಿಧಾನಗೊಳಿಸಲು ಸಾಧ್ಯ. ಪುಸ್ತಕಕ್ಕೆ ತಂಪು, ಮಿತವಾದ ತೇವ, ಕತ್ತಲು ಹಿತ. ಗಾಳಿಯ ತೇವಾಂಶ ಶೇಕಡ 30ರಿಂದ 50ರ ನಡುವೆ ಇರಬೇಕೆನ್ನುತ್ತಾರೆ. ಅದನ್ನು ತೋರಿಸುವ ಪುಟ್ಟ ಮಾಪಕವು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ನಮ್ಮ ಮನೆಗಳಲ್ಲಿ ಕನ್ನಡ ಪುಸ್ತಕಗಳು ಹೋಗಿ ಸೇರುವ ನೆಲಮಾಳಿಗೆಯೇ ಅವುಗಳಿಗೆ ಅತ್ಯಂತ ಅಪಾಯದ ಸ್ಥಳ; ಬೇಸಿಗೆಯಲ್ಲಿ ಅಲ್ಲಿ ಬೂಷ್ಟು ಹಿಡಿಯುತ್ತದೆ. ಮೇಲಿನ ಅಂತಸ್ತಿನ ಒಳಗೋಡೆಯ ಕಪಾಟೇ ಉತ್ತಮ.

ಹುಳು ಕಂಡರೆ ನುಸಿಗುಳಿಗೆಯ ಮೊರೆ ಹೋಗಬೇಡಿ. ಅದರ ಆವಿ ಓದುವವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಟ್ಟರೆ ಹುಳುಗಳೂ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ಒಡನೆ ಬಿಚ್ಚಬಾರದು, ಇಡೀ ದಿನ ಹಾಗೆಯೇ ಬಿಡಬೇಕು. ಇಲ್ಲವಾದರೆ ತಣ್ಣನೆಯ ಪುಟಗಳ ಮೇಲೆ ನೀರಿನ ಹನಿ ಕಟ್ಟುತ್ತದೆ. ತೆಂಗಿನ ತುರಿಯ ಪೊಟ್ಟಣವೆಂದು ಎತ್ತಿಕೊಂಡ ನಮ್ಮ ಮನೆಯವರ ಕೈಗೆ ಒಮ್ಮೆ ತ್ರಿವೇಣಿಯವರ ಕಾದಂಬರಿ ಬಂದಿತ್ತು.

ಈಗ, ದುಬಾರಿ ಬೆಲೆ ತೆತ್ತು ಕಲಿತ ಪಾಠಕ್ಕೆ ಬರುತ್ತೇನೆ. 2003ರಲ್ಲಿ ನಾನು ಊರಿಗೆ ಹೋಗಿದ್ದಾಗ ಅಮ್ಮ ತಮ್ಮ ಕುಮಾರವ್ಯಾಸ ಭಾರತವನ್ನು ನನ್ನ ಕೈಗಿತ್ತರು. ಅನೇಕ ಹಾಳೆಗಳು ಅಂಚಿನಲ್ಲಿ ಹರಿದಿದ್ದವು. ಇಲ್ಲಿಗೆ ಬಂದವಳೇ, ಪ್ರೀತಿಯಿಂದಲೇ, ಪಾರದರ್ಶಕವಾದ ಅಂಟುಪಟ್ಟಿಯನ್ನು ಹಚ್ಚಿ ಹಚ್ಚಿ ಎಲ್ಲವನ್ನೂ ಜೋಡಿಸಿ, ಬೀರುವಿನಲ್ಲಿಟ್ಟೆ. ಅಮ್ಮ 2011ರಲ್ಲಿ ತೀರಿಕೊಂಡರು. ಮಾರನೆಯ ವರ್ಷ, ಅವರ ತಿಥಿಯ ದಿನ ಓದೋಣವೆಂದು ಪುಸ್ತಕವನ್ನು ತೆರೆದೆ. ಅಂಟು ಕಂದುಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿದಿತ್ತು. ಪ್ಲಾಸ್ಟಿಕ್ ಒಣಗಿ, ಮುಟ್ಟಿದರೆ ಎದ್ದು ಬರುತ್ತಿತ್ತು. ತನ್ನೊಡನೆ ಕಾಗದದ ಮೇಲ್ಪದರವನ್ನೂ, ಅದರ ಮೇಲಿದ್ದ ಅಮ್ಮನ ಪೆನ್ಸಿಲಿನ ಅಕ್ಷರಗಳನ್ನೂ ಎಳೆದುಕೊಂಡು ಬಂದಿತು. ಅಚ್ಚಾದ ಪದ್ಯಗಳು ಬೇರೆ ಪ್ರತಿಯಲ್ಲಿ ಸಿಗುತ್ತವೆ. ಅಂಚಿನಲ್ಲಿದ್ದದ್ದು ಬೇರೆಲ್ಲಿಯೂ ಸಿಗುವಂತಹುದಲ್ಲ. ಕರ್ಣಪರ್ವದ ಒಂದು ಪುಟದಲ್ಲಿ ‘ಇಲ್ಲಿ ನಿಧಾನವಾಗಿ’ ಎಂಬಷ್ಟು ಮಾತ್ರ ಉಳಿದಿದೆ. ಮುಂದಿನ ಮಾತು ಪಟ್ಟಿಯೊಡನೆ ಹೋಯಿತು.

ಹರಿದ ಹಾಳೆಗೆ ಹಚ್ಚಬೇಕಾದುದು ತೆಳುವಾದ ಜಪಾನೀ ಕಾಗದ ಮತ್ತು ಗೋಧಿಯ ಪಿಷ್ಟದಿಂದ ಕಾಯಿಸಿದ ತಿಳಿಯಾದ ಅಂಟು. ಮುಂದೆಂದಾದರೂ ಬೇಡವಾದರೆ ನೀರಿನ ಪಸೆಯಿಂದ ಅದನ್ನು ಬಿಡಿಸಬಹುದು. ಚಿತ್ರಕಲೆಯ ಸಾಮಗ್ರಿಗಳ ಅಂಗಡಿಯಲ್ಲಿ ಎರಡೂ ದೊರೆಯುತ್ತವೆ. ಮನೆಯ ಮೈದಾ ಅಂಟು ಬೇಡ, ಅದು ಹುಳುಗಳನ್ನು ಕರೆಯುತ್ತದೆ. ಅದಕ್ಕೆಂದೇ ನಮ್ಮೂರಿನ ರಟ್ಟು ಕಟ್ಟುವವರು ಅದರಲ್ಲಿ ವಿಷವಾದ ಮೈಲುತುತ್ತವನ್ನು ಬೆರೆಸುತ್ತಿದ್ದರು. ಕೈ ಪಳಗದಿದ್ದರೆ ಏನನ್ನೂ ಹಚ್ಚದೆ, ಬಿಡಿ ಹಾಳೆಗಳನ್ನು ಕ್ರಮವಾಗಿ ಜೋಡಿಸಿ, ಆಮ್ಲರಹಿತ ಕಾಗದದ ಪೆಟ್ಟಿಗೆಯಲ್ಲಿಟ್ಟು ಬಿಡುವುದೇ ಮೇಲು.

ಸಮ್ಮೇಳನಕ್ಕೆ ಬಂದಿರುವ ಸಹೃದಯರಲ್ಲಿ ಒಂದು ವಿನಂತಿ. ನಮ್ಮ ಪೀಳಿಗೆಯವರು ಈಗ ಊರಿಗೆ ಹೋಗುವುದು ಅನೇಕ ವೇಳೆ ತಂದೆತಾಯಿಗಳ ಮನೆಯನ್ನು ಖಾಲಿ ಮಾಡುವುದಕ್ಕಾಗಿ. ಪಾತ್ರೆಗಳನ್ನು ಹಂಚುತ್ತೇವೆ, ಒಡವೆಗಳನ್ನು ಲಾಕರಿನಿಂದ ತೆಗೆಯುತ್ತೇವೆ, ಪುಸ್ತಕಗಳನ್ನು ರದ್ದಿಯವನಿಗೆ ತೂಗಿ ಕೊಡುತ್ತೇವೆ. ತಕ್ಕಡಿಗೆ ಹಾಕುವ ಮೊದಲು ಒಂದೊಂದು ಪುಸ್ತಕದ ಅಂಚುಗಳನ್ನು ತಿರುವಿ ನೋಡಿ. ಪೆನ್ಸಿಲಿನ ಅಕ್ಷರ ಕಂಡರೆ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ, ಸಾಧ್ಯವಾದರೆ ಒಂದು ನೋಟುಪುಸ್ತಕಕ್ಕೆ ಇಳಿಸಿಕೊಳ್ಳಿ. ಉಳಿದಿದ್ದ ಅಮ್ಮನ ಟಿಪ್ಪಣಿಗಳನ್ನೆಲ್ಲ ನಾನು ಪರ್ವ, ಸಂಧಿ, ಪದ್ಯಸಂಖ್ಯೆಯ ಸಮೇತ ನಕಲು ಮಾಡಿದ್ದೇನೆ. ಅದಕ್ಕೆ ಎರಡು ಚಳಿಗಾಲಗಳು ಹಿಡಿದವು. ಕರ್ಣಪರ್ವದ ಆ ಎಡೆಯಲ್ಲಿ ಅಮ್ಮ ಮುಂದೆ ಏನು ಬರೆದಿದ್ದರೋ ತಿಳಿಯುವ ಬಗೆಯಿಲ್ಲ. ಅಲ್ಲಿಗೆ ಬಂದಾಗಲೆಲ್ಲ ನಾನು ನಿಧಾನವಾಗಿ ಓದುತ್ತೇನೆ.